ಗೋಡೆಯಾಚೆಗೆ ಕೇಳಿಸಿದ ಅಳು

ಡ್ರೋಗೋ ದೊರೆಯನ್ನು ಗುನ್ನಿಲ್ಡ ಮೊದಲ ಸಲ ನೋಡಿದಾಗ ಅವನ ಮೈಮೇಲೆ ಒಂದು ನೂಲೆಳೆಯೂ ಇರಲಿಲ್ಲ. ಕಾಲು ಮುಂದಾಗಿ ಬಂದಿದ್ದ. ಸೂಲಗಿತ್ತಿಯಾಗಿದ್ದ ಅವಳ ತಾಯಿ ಬೆವರು ಸುರಿಸಿಕೊಂಡು ಅವನನ್ನು ಹೊರಗೆಳೆದಿದ್ದಳು. ಆಗಷ್ಟೇ ಮದುವೆಯಾಗಿದ್ದ ಹದಿನೆಂಟರ ಗುನ್ನಿಲ್ಡ ಬಿಸಿನೀರಿನ ತಪ್ಪಲೆ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಕೆಂಪಗೆ, ಸುಕ್ಕುಸುಕ್ಕಾಗಿ, ಅರೆಬೆಂದ ಹಾವುಮೀನಿನಂತಿದ್ದ ಆ ಕೂಸನ್ನು ಕಂಡು ಅವಳಿಗೆ ನಗು ತಡೆಯಲಾಗಲಿಲ್ಲ.

"ಇದಕ್ಕೂ ನಮ್ಮ ಬೀದಿ ಕೂಸುಗಳಿಗೂ ಏನವ್ವಾ ವ್ಯತ್ಯಾಸ?" ಎಂದು ಮೆಲ್ಲಗೆ ಕೇಳಿದ್ದಳು.

"ತೊಟ್ಟಿಲು ಕಣೇ," ಅಂದಿದ್ದಳು ತಾಯಿ. "ಇದರ ತೊಟ್ಟಿಲಿಗೆ ಕೆತ್ತನೆ ಐತೆ. ಬಾಯಿ ಮುಚ್ಕೊಂಡು ನೀರು ಹೊಯ್ಯಿ."

ಆಮೇಲೆ ನಲವತ್ತು ವರ್ಷ ಕಳೆಯಿತು. ಆ ಕೂಸಿಗೆ ಗಡ್ಡ ಬಂತು, ಹೊಟ್ಟೆ ಬಂತು, ಸ್ಕೆಲ್‌ಬಿ ಊರಿನ ದೊರೆತನವೂ ಬಂತು. ಗುನ್ನಿಲ್ಡಳಿಗೆ ಮಾತ್ರ ಆ ನಗು ಪೂರ್ತಿ ಹೋಗಲಿಲ್ಲ. ಅವನು ಕುದುರೆಯ ಮೇಲೆ ಎದೆಯುಬ್ಬಿಸಿ ಬೀದಿಯಲ್ಲಿ ಹೋಗುವಾಗ ಊರವರೆಲ್ಲ ಟೋಪಿ ತೆಗೆದು ತಲೆ ತಗ್ಗಿಸುತ್ತಿದ್ದರು. ಅವಳೂ ತಗ್ಗಿಸುತ್ತಿದ್ದಳು, ಬಾಯಿಯ ಮೂಲೆ ಯಾರಿಗೂ ಕಾಣದಿರಲೆಂದು.

ದೊರೆತನ ಅಂದರೆ ಎಷ್ಟಿತ್ತು? ಒಂದೂವರೆ ಊರು. ಉಳಿದ ಅರ್ಧ ಯಾವುದೋ ಮಠದ್ದು. ಕೋಟೆ ಎಂದು ಕರೆಸಿಕೊಳ್ಳುತ್ತಿದ್ದ ಮನೆಯ ಸುತ್ತ ಕಂದಕವೊಂದಿತ್ತು. ಅದರಲ್ಲಿ ಹಸಿರು ಪಾಚಿ ಕಟ್ಟಿಕೊಂಡು ಬಾತುಕೋಳಿಗಳು ಸಂಸಾರ ಹೂಡಿದ್ದವು. ಎತ್ತುವ ಸೇತುವೆ ಹತ್ತು ವರ್ಷದ ಹಿಂದೆ ಕೆಳಗಿಳಿದದ್ದು ತುಕ್ಕು ಹಿಡಿದು ಮತ್ತೆ ಏಳಲಿಲ್ಲ. ಊರಿನ ಹಸುಗಳು ಅದರ ಮೇಲೆ ನಡೆದುಹೋಗಿ ದೊರೆಯ ಅಂಗಳದಲ್ಲಿ ಮೆಲುಕು ಹಾಕುತ್ತಿದ್ದವು. ದೊರೆಗೊಂದು ಬೇಟೆಗಿಡುಗವಿತ್ತು. ಅದು ಹುಟ್ಟಿದಾರಭ್ಯ ಏನನ್ನೂ ಹಿಡಿದದ್ದಿಲ್ಲ. ಗಿಡುಗ ಪಳಗಿಸುವ ಹ್ಯಾಮನ್ ಮೊದಲೇ ಊರಲ್ಲಿ ಒಂದು ಪಾರಿವಾಳ ಹಿಡಿದಿಟ್ಟುಕೊಂಡು, ದೊರೆ ಆಚೆ ತಿರುಗಿದಾಗ ಅದನ್ನು ಗಿಡುಗದ ಉಗುರಿಗೆ ಸಿಕ್ಕಿಸಿ, "ಬುದ್ಧಿ, ಏನ್ ಬೇಟೆ ಬುದ್ಧಿ!" ಎಂದು ಕೂಗುತ್ತಿದ್ದ. ದೊರೆ ನಂಬುತ್ತಿದ್ದ. ಆ ಮನೆಯವರಿಗೆಲ್ಲ ನಂಬುವುದು ಬಲು ಸುಲಭ. ತಮ್ಮ ಬಗ್ಗೆ ಒಳ್ಳೆಯ ಮಾತಾದರೆ ಸಾಕು.

ಅವನ ಅಜ್ಜ ಶಿಲುಬೆಯ ಯುದ್ಧಕ್ಕೆಂದು ಪವಿತ್ರ ನಾಡಿಗೆ ಹೊರಟವನು. ದಕ್ಷಿಣದ ಬಂದರಿನ ತನಕ ಹೋಗಿ, ಹಡಗು ನೋಡಿಯೇ ವಾಂತಿ ಮಾಡಿಕೊಂಡು, ಏಳು ತಿಂಗಳು ಒಂದು ಹೆಂಡದಂಗಡಿಯ ಮಹಡಿಯಲ್ಲಿ ಮಲಗಿದ್ದು, ಒಂದು ಚೀಲ ಮರಳು ತುಂಬಿಕೊಂಡು ವಾಪಸ್ಸು ಬಂದ. "ಯೇಸುಸ್ವಾಮಿ ನಡೆದಾಡಿದ ಮರಳು," ಎಂದ. ಅದನ್ನು ಬೆಳ್ಳಿ ಭರಣಿಯಲ್ಲಿ ಇಟ್ಟು, ಸಾಯುವವರ ನಾಲಿಗೆಗೆ ಒಂದು ಚಿಟಿಕೆ ಸವರುವುದು ಮನೆತನದ ಪದ್ಧತಿಯಾಯಿತು. ಗುನ್ನಿಲ್ಡಳ ಗಂಡ ಓರ್ಮ್ ಹಾವುಮೀನು ಹಿಡಿಯುವವನು, ಕರಾವಳಿಯನ್ನೆಲ್ಲ ಬಲ್ಲವನು. ಒಂದು ದಿನ ಆ ಭರಣಿಯೊಳಗೆ ಇಣುಕಿ ನೋಡಿ ಬಂದು ಹೆಂಡತಿಯ ಕಿವಿಯಲ್ಲಿ, "ಅದರೊಳಗಿನ ಚಿಪ್ಪು ಇಲ್ಲೇ ಒಂದು ದಿನದ ದಾರೀಲಿ ಸಿಗ್ತದೆ ಕಣೇ," ಎಂದಿದ್ದ. ಓರ್ಮ್ ಸತ್ತು ಹದಿನಾಲ್ಕು ವರ್ಷವಾಯಿತು. ಆ ಮಾತು ನೆನೆದಾಗಲೆಲ್ಲ ಗುನ್ನಿಲ್ಡ ಒಬ್ಬಳೇ ನಗುತ್ತಿದ್ದಳು.

ಅಜ್ಜನ ಮಗ, ಅಂದರೆ ಡ್ರೋಗೋನ ತಂದೆ, ನಿಂತ ಕುದುರೆಯಿಂದ ಬಿದ್ದು ಸತ್ತ. ಇಗರ್ಜಿಯೊಳಗಿನ ಅವನ ಗೋರಿಯ ಮೇಲೆ ಅವನು ಸಿಂಹದ ಬೆನ್ನಿಗೆ ಕಾಲಿಟ್ಟು ಮಲಗಿದ ಹಾಗೆ ಕಲ್ಲಿನಲ್ಲಿ ಕೆತ್ತಿದ್ದಾರೆ. ಬದುಕಿದ್ದಾಗ ಅವನು ಹೆಬ್ಬಾತು ಕತ್ತು ಚಾಚಿದರೆ ಬೇಲಿ ಹಾರುತ್ತಿದ್ದ. ಇನ್ನು ತಾಯಿ ಪೆಟ್ರೊನಿಲ್ಲಾ. ಅರುವತ್ತು ದಾಟಿದರೂ ಕಡೆಗೋಲಿನಂತೆ ನೆಟ್ಟಗಿದ್ದಳು. ನಾಯಿಯೊಡನೆ ಫ್ರೆಂಚ್ ಮಾತಾಡುತ್ತಿದ್ದಳು, ಸೊಸೆಯೊಡನೆ ಊರ ಮಾತು. ಸೊಸೆಗೆ ಫ್ರೆಂಚ್ ಬರುತ್ತಿರಲಿಲ್ಲ ಎಂದಲ್ಲ. ಅಷ್ಟು ಮರ್ಯಾದೆ ಅವಳಿಗೆ ಯಾಕೆ ಎಂದು.

ಸೊಸೆಯ ಹೆಸರು ಅವೀಸ್. ಕಡಲ ಕಡೆಯ ಗ್ರೇನ್‌ವಿಕ್ ಅವಳ ತಾಯಿಯಿಂದ ಅವಳಿಗೆ ಬಂದ ನೆಲ: ಉಪ್ಪು ಕಾಯಿಸುವ ಕೊಪ್ಪರಿಗೆಗಳು, ಎಂಟುನೂರು ಕುರಿಗೆ ಸಾಲುವ ಹುಲ್ಲುಗಾವಲು. ಡ್ರೋಗೋ ಮದುವೆಯಾದದ್ದು ಆ ಕೊಪ್ಪರಿಗೆಗಳನ್ನು. ಅವುಗಳ ಜೊತೆಗೆ ಒಬ್ಬಳು ಹೆಂಗಸೂ ಬಂದಿದ್ದಾಳೆ ಎಂಬುದು ಅವನಿಗೆ ಊಟದ ಹೊತ್ತಿನಲ್ಲಿ ಮಾತ್ರ ನೆನಪಾಗುತ್ತಿತ್ತು. ನಾಲ್ಕು ವರ್ಷ ಬಸಿರಾಗದಿದ್ದಾಗ ಎಲ್ಲರ ಮುಂದೆ, "ಉಪ್ಪುನೆಲದಲ್ಲಿ ಏನು ಬೆಳೆಯತ್ತೆ?" ಎನ್ನುತ್ತಿದ್ದ. ಹ್ಯಾಮನ್ ಪ್ರತಿ ಸಲವೂ ಹೊಸದಾಗಿ ಕೇಳಿದವನಂತೆ ನಗುತ್ತಿದ್ದ.

ಐದನೆಯ ವರ್ಷ ಅವೀಸ್ ಬಸಿರಾದಳು. ಆಗ ಗುನ್ನಿಲ್ಡಳಿಗೆ ಕರೆ ಬಂತು.

ಗುನ್ನಿಲ್ಡ ಆ ಹೊತ್ತಿಗೆ ಊರಿನ ಮುಕ್ಕಾಲು ಜನವನ್ನು ತನ್ನ ಕೈಯಲ್ಲಿ ಹಿಡಿದವಳು. ಹೆರಿಗೆಮನೆಗೆ ಕಾಲಿಟ್ಟರೆ ಮೊದಲು ಮನೆಯ ಬಾಗಿಲುಗಳ ಅಗಣಿ ತೆಗೆಸುತ್ತಿದ್ದಳು, ಹಗ್ಗದ ಗಂಟುಗಳನ್ನೆಲ್ಲ ಬಿಚ್ಚಿಸುತ್ತಿದ್ದಳು, ಆಮೇಲೆ ಕೈಗೆ ಬೆಣ್ಣೆ ಸವರಿಕೊಂಡು ಕೂರುತ್ತಿದ್ದಳು. ಅವಳಿಗೆ ಇನ್ನೊಂದು ಅಧಿಕಾರವೂ ಇತ್ತು. ಪಾದ್ರಿ ಬರುವಷ್ಟರಲ್ಲಿ ಕೂಸು ಹೋಗಿಬಿಡುತ್ತದೆ ಅನ್ನಿಸಿದರೆ, ತಾನೇ ತಲೆಗೆ ನೀರು ಸುರಿದು, ಪಿತ ಸುತ ಪವಿತ್ರಾತ್ಮರ ಹೆಸರಿನಲ್ಲಿ ಜ್ಞಾನಸ್ನಾನ ಕೊಡಬಹುದು. ಪ್ರತಿ ವರ್ಷ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಪಾದ್ರಿ ಓಸ್ಬರ್ಟ್ ಅವಳನ್ನು ಕೂರಿಸಿ ಆ ಮಾತುಗಳನ್ನು ಹೇಳಿಸುತ್ತಿದ್ದ, ಒಂದಕ್ಷರ ತಪ್ಪಬಾರದು. ಮಗುವಿನಲ್ಲಿ ಉಸಿರಿರಬೇಕು, ಅದು ಮುಖ್ಯ. ಉಸಿರಿದ್ದು ನೀರು ಬಿದ್ದ ಕೂಸಿಗೆ ಇಗರ್ಜಿಯ ಆವರಣದೊಳಗೆ ಮಣ್ಣು. ಇಲ್ಲದ್ದಕ್ಕೆ ಗೋಡೆಯ ಆಚೆ, ಮುಳ್ಳುಗಿಡದ ಬುಡದಲ್ಲಿ. ಮೂವತ್ತು ವರ್ಷದಲ್ಲಿ ಗುನ್ನಿಲ್ಡ ಆರು ಕೂಸುಗಳಿಗೆ ನೀರು ಹಾಕಿದ್ದಳು. ಉಸಿರಿಲ್ಲದ ಒಂದಕ್ಕೂ ಹಾಕಿರಲಿಲ್ಲ, ತಾಯಂದಿರು ಕಾಲು ಹಿಡಿದು ಬೇಡಿದಾಗಲೂ.

ಅವೀಸಳ ನೋವು ಗುರುವಾರ ಬೆಳಿಗ್ಗೆ ಶುರುವಾಯಿತು. ಶುಕ್ರವಾರ ಮಧ್ಯಾಹ್ನವಾದರೂ ಮುಗಿಯಲಿಲ್ಲ.

ಹೊರಗೆ ದೊರೆ ಬೇರೆಯೇ ಏರ್ಪಾಡು ಮಾಡಿದ್ದ. ಹೆರಿಗೆಕೋಣೆಯ ಗೋಡೆಗೆ ಒತ್ತಿಸಿ ಒಂದು ಬೆಂಚು, ಅದರ ಮೇಲೆ ನಾಲ್ವರು ಗಂಡಸರು, ಮಧ್ಯೆ ಒಂದು ಪೀಪಾಯಿ ಬಾರ್ಲಿ ಹೆಂಡ. ಪಾರುಪತ್ಯಗಾರ ಲ್ಯಾಂಬರ್ಟ್, ಗಿಡುಗದ ಹ್ಯಾಮನ್, ಇನ್ನಿಬ್ಬರು ಆಳುಗಳು. ಅವರ ಕೆಲಸ ಕಿವಿ ಗೋಡೆಗಿಟ್ಟು ಕೂರುವುದು. ಏಕೆಂದರೆ ಕಟ್ಟಳೆ ಎಲ್ಲರಿಗೂ ಗೊತ್ತಿದ್ದದ್ದೇ: ಹೆಂಡತಿ ಸತ್ತರೆ ಅವಳ ನೆಲ ತವರಿಗೆ ಹೋಗಬೇಕು. ಆದರೆ ಅವಳ ಹೊಟ್ಟೆಯಲ್ಲಿ ಒಂದು ಮಗು ಜೀವಂತ ಹುಟ್ಟಿ, ನಾಲ್ಕು ಗೋಡೆಯ ನಡುವೆ ಒಂದೇ ಒಂದು ಸಲ ಅತ್ತದ್ದು ಕೇಳಿಸಿದರೆ, ಮರುಗಳಿಗೆಯಲ್ಲೇ ತಾಯಿಮಗು ಇಬ್ಬರೂ ಸತ್ತರೂ ಗಂಡ ಆ ನೆಲವನ್ನು ತಾನು ಸಾಯುವ ತನಕ ಅನುಭವಿಸಬಹುದು. ಆ ಅಳುವನ್ನು ಕೇಳಿದವರು ಗಂಡಸರಾಗಿರಬೇಕು. ಒಳಗಿರುವ ಹೆಂಗಸರ ಮಾತು ರಾಜನ ನ್ಯಾಯಸ್ಥಾನದಲ್ಲಿ ನಡೆಯದು.

"ಏಯ್ ಮುದುಕೀ, ಇನ್ನೂ ಆಗ್ಲಿಲ್ವಾ?" ದೊರೆ ಬಾಗಿಲು ಬಡಿದ.

"ಹಸು ಅಲ್ಲ ಬುದ್ಧಿ, ಹೆಂಗಸು," ಅಂದಳು ಗುನ್ನಿಲ್ಡ ಒಳಗಿನಿಂದ.

"ಹುಟ್ಟಿದ ತಕ್ಷಣ ಕೂಗಿಸು. ಗಟ್ಟಿಯಾಗಿ. ಕೇಳಿಸ್ತಾ?"

ಕೋಣೆಯಲ್ಲಿ ಅವಳು, ಅವೀಸ್, ಮೂಲೆಯಲ್ಲಿ ಜಪಮಾಲೆ ಹಿಡಿದು ಕೂತ ಪೆಟ್ರೊನಿಲ್ಲಾ, ಮೂವರೇ. ಕೆಲಸದವಳನ್ನು ನೀರು ಕಾಯಿಸಲು ಕೆಳಗೆ ಕಳಿಸಿದ್ದರು. ಸ್ವಲ್ಪ ಹೊತ್ತಿನಲ್ಲಿ ಕೂಸು ಬಂತು. ಹೆಣ್ಣು. ಹೊಕ್ಕುಳಬಳ್ಳಿ ಕತ್ತಿಗೆ ಎರಡು ಸುತ್ತು ಬಿಗಿದಿತ್ತು. ಗುನ್ನಿಲ್ಡ ಬಳ್ಳಿ ಬಿಡಿಸಿ ಬೆನ್ನು ತಟ್ಟಿದಳು, ಬಾಯಿಗೆ ಬಾಯಿಟ್ಟು ಊದಿದಳು, ಅಂಗಾಲು ಉಜ್ಜಿದಳು, ತಣ್ಣೀರು ಬಿಸಿನೀರು ಎರಡರಲ್ಲೂ ಅದ್ದಿದಳು. ಬಹಳ ಹೊತ್ತು ಬಿಡಲಿಲ್ಲ. ಏನೂ ಆಗಲಿಲ್ಲ.

"ಅಳ್ಳಿಲ್ವಾ ಅಕ್ಕಾ?" ಅವೀಸಳ ದನಿ ಹಾಸಿಗೆಯಿಂದ ಎದ್ದು ಬರುವಷ್ಟೂ ಇರಲಿಲ್ಲ. ರಕ್ತ ನಿಂತಿರಲಿಲ್ಲ.

ಗುನ್ನಿಲ್ಡ ಕತ್ತು ಅಲ್ಲಾಡಿಸಿದಳು. "ಇಲ್ಲ ಕಣವ್ವ."

"ಏನು ಕೂಸು?"

"ಹೆಣ್ಣು," ಎಂದು ಗುನ್ನಿಲ್ಡ ಅವಳ ಕಿವಿಯ ಬಳಿ ಬಗ್ಗಿ ಪಿಸುಗುಟ್ಟಿದಳು.

ಅವೀಸ್ ತಲೆಯನ್ನು ಇವಳ ಕಡೆ ಹೊರಳಿಸಿದಳು. "ನಾನೂ ಉಳಿಯಲ್ಲ ಬಿಡು. ಇಬ್ರನ್ನೂ ಒಂದೇ ಕಡೆ ಇಡಕ್ಕ. ನಂಗೆ ಆ ಮನೆಯೋರ ಕಲ್ಲುಗಳ ಮಧ್ಯೆ ಒಬ್ಬಳೇ ಮಲಗೋಕೆ ಆಗಲ್ಲ."

"ಹೂಂ ಕಣವ್ವ," ಅಂದಳು ಗುನ್ನಿಲ್ಡ. ಹಾಗೆ ಅಂದುಬಿಟ್ಟಳು.

ಆಗ ಪೆಟ್ರೊನಿಲ್ಲಾ ಎದ್ದಳು. ಕೂಸಿನ ಕಡೆ ತಿರುಗಿಯೂ ನೋಡಲಿಲ್ಲ. ಜಪಮಾಲೆಯನ್ನು ಜೋಪಾನವಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಗಂಡಸರು ಕೂತಿದ್ದ ಗೋಡೆಯ ಹತ್ತಿರ ಹೋಗಿ, ರೇಷ್ಮೆ ಲಂಗ ಎತ್ತಿ ಹಿಡಿದು, ಅರುವತ್ತು ವರ್ಷದಲ್ಲಿ ಯಾರೆದುರೂ ಬಾಗದ ಆ ಬೆನ್ನು ಬಗ್ಗಿಸಿ ಕುಕ್ಕುರುಗಾಲಲ್ಲಿ ಕೂತಳು. ಎರಡು ಬೆರಳಲ್ಲಿ ಮೂಗು ಹಿಡಿದಳು. "ಕುವ್ವೇ!" ಎಂದಳು. ಗೋಡೆಯಾಚೆ ಗದ್ದಲ ನಿಂತಿತು. "ಕುವ್ವೇ! ಕುವ್ವೇ! ಕುವ್ವೇ!"

ಗುನ್ನಿಲ್ಡ ಕೂಸನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದಳು. ಅಷ್ಟರಲ್ಲಿ ಅವೀಸ್ ಕಣ್ಣು ತೆರೆದಳು. ಅಳು ಅವಳಿಗೂ ಕೇಳಿಸಿತ್ತು. ಮುಖ ಒಮ್ಮೆಲೇ ಅರಳಿತು, ಕೈ ತೊಡೆಯ ಮೇಲಿದ್ದ ಕೂಸಿನತ್ತ ಚಾಚಿತು. ಕೂಸು ಅಲುಗುತ್ತಿರಲಿಲ್ಲ. ಅವಳ ಕಣ್ಣು ನಿಧಾನವಾಗಿ ದನಿ ಬಂದ ಕಡೆ ಹೊರಳಿ, ಗೋಡೆಯ ಬುಡದಲ್ಲಿ ಮೂಗು ಹಿಡಿದು ಕೂತ ಅತ್ತೆಯ ಮೇಲೆ ನಿಂತಿತು. ಆಮೇಲೆ ಅವಳು ಕಣ್ಣು ಮುಚ್ಚಿದಳು. ಸಂಜೆಯ ಗಂಟೆ ಹೊಡೆಯುವ ಮೊದಲೇ ಉಸಿರು ನಿಂತಿತು.

ಪೆಟ್ರೊನಿಲ್ಲಾ ಲಂಗ ಕೊಡವಿಕೊಂಡು ಎದ್ದಳು. "ಕೂಸು ಅತ್ತಿತು," ಎಂದಳು ಗುನ್ನಿಲ್ಡಳಿಗೆ, ಅಡುಗೆಯವಳಿಗೆ ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ಹೇಳುವ ದನಿಯಲ್ಲಿ. ಹೊರಗೆ ಹೋಗಿ ಬಾಗಿಲೆಳೆದುಕೊಂಡಳು. ಆಚೆಯಿಂದ ಯಾರೋ ಅಗಣಿ ಹಾಕಿದರು. ಮುದುಕಿ ಊರೊಳಗೆ ಹೋಗಿ ಬಾಯಿ ಬಿಟ್ಟಾಳು ಎಂಬ ಭಯ.

ಶನಿವಾರವೆಲ್ಲ ಗುನ್ನಿಲ್ಡ ಆ ಕೋಣೆಯಲ್ಲಿ ಎರಡು ಹೆಣಗಳೊಡನೆ ಕಳೆದಳು. ತಾಯಿಯನ್ನು ತೊಳೆದು, ತಲೆ ಬಾಚಿ, ಬಿಳಿ ಬಟ್ಟೆ ಉಡಿಸಿದಳು. ಕೂಸನ್ನೂ ತೊಳೆದು, ತಲೆಯಿಂದ ಪಾದದ ತನಕ ಬಟ್ಟೆಯ ಪಟ್ಟಿ ಸುತ್ತಿ ಪಕ್ಕದಲ್ಲಿ ಮಲಗಿಸಿದಳು. ಬಾಗಿಲ ಕೆಳಗಿನ ಸಂದಿಯಿಂದ ಒಂದು ರೊಟ್ಟಿ ತೂರಿ ಬಂತು. ಮಧ್ಯಾಹ್ನದ ಮೇಲೆ ದೊರೆ ಬಂದ. ಒಳಗೆ ಬರಲಿಲ್ಲ, ಹೆಣ ಕಂಡರೆ ಅವನಿಗೆ ಆಗದು. ಬಾಗಿಲ ಹಲಗೆಗೆ ಬಾಯಿಟ್ಟು ಮಾತಾಡಿದ.

"ಮುದುಕೀ, ನಾಳೆ ಇಗರ್ಜಿ ಬಾಗಿಲಲ್ಲಿ ಪಾದ್ರಿ ನಿನ್ನನ್ನ ಕೇಳ್ತಾನೆ. ನೀರು ಹಾಕ್ದೆ ಅಂತ ಹೇಳು."

"ಉಸಿರೇ ಇರ್ಲಿಲ್ಲ ಬುದ್ಧಿ."

"ಇತ್ತು. ನಾಲ್ಕು ಜನ ಕೇಳಿದಾರೆ. ಉಸಿರಿದ್ದ ಕೂಸಿಗೆ ನೀರೇ ಹಾಕದೆ ಸಾಯೋಕೆ ಬಿಟ್ಟೆ ಅಂತಾದ್ರೆ ನಿನ್ನ ಗತಿ ಏನು ಗೊತ್ತಾ? ಈ ಸೀಮೇಲಿ ಯಾವಳಾದ್ರೂ ನಿನ್ನನ್ನ ಹೆರಿಗೆಗೆ ಕರೀತಾಳಾ?"

ಗುನ್ನಿಲ್ಡ ಕೂಸಿನ ಬಟ್ಟೆಯ ತುದಿ ಸಿಕ್ಕಿಸಿದಳು. ದೊರೆಯ ದನಿ ಮೆತ್ತಗಾಯಿತು.

"ನೀರು ಹಾಕ್ದೆ ಅಂದ್ರೆ ಇಬ್ಬರನ್ನೂ ಇಗರ್ಜಿ ಒಳಗೇ ಇಡಿಸ್ತೀನಿ. ಒಂದೇ ಗುಂಡೀಲಿ. ನಮ್ಮಪ್ಪನ ಪಕ್ಕ."

ಅವನಿಗೆ ಅವೀಸಳ ಕಡೆಯ ಮಾತು ಗೊತ್ತಿರಲಿಲ್ಲ. ಸುಮ್ಮನೆ ಬಾಯಿಗೆ ಬಂದದ್ದು ಹೇಳಿದ್ದ. ಆದರೆ ಗುನ್ನಿಲ್ಡಳ ಎದೆಗೆ ಅದು ನೇರವಾಗಿ ಬಂದು ಬಡಿಯಿತು. ಒಂದು ಸುಳ್ಳು. ಅಷ್ಟೇ. ಮೂವತ್ತು ವರ್ಷ ಹೇಳದೆ ಉಳಿಸಿಕೊಂಡದ್ದು. ಹೇಳಿದರೆ ಆ ಹೆಣ್ಣುಮಗುವಿಗೆ ತಾಯಿಯ ಪಕ್ಕದಲ್ಲಿ ಜಾಗ. ಹೇಳದಿದ್ದರೆ ಮುಳ್ಳುಗಿಡದ ಬುಡ, ತಾಯಿಗೆ ಕೊಟ್ಟ ಮಾತು ನೀರಿಗೆ.

"ಬುದ್ಧಿ, ಒಂದು ಮಾತು," ಅಂದಳು. "ಅದು..."

"ಕೇಳಿದಾಗ ಮಾತ್ರ ಬಾಯಿ ಬಿಡು," ಎಂದ ದೊರೆ. "ಹೆಸರು ನಾಳೆ ನಾನೇ ಹೇಳ್ತೀನಿ." ಹೋಗಿಬಿಟ್ಟ.

ಗುನ್ನಿಲ್ಡ ಸುತ್ತಿದ ಬಟ್ಟೆಯ ಗಂಟಿನ ಮೇಲೆ ಕೈಯಿಟ್ಟು ಕೂತಳು. ಕತ್ತಲಾಗುವಷ್ಟರಲ್ಲಿ ಮನಸ್ಸು ಗಟ್ಟಿ ಮಾಡಿಕೊಂಡಳು: ಆಯಿತು, ಹೇಳುತ್ತೇನೆ. ಆ ಮನೆಯವರ ಕೊಪ್ಪರಿಗೆಗಾಗಿ ಅಲ್ಲ, ಇವಳಿಗಾಗಿ. ಅದರ ಪಾಪವನ್ನು ದೇವರ ಮುಂದೆ ನಾನೇ ಹೊರುತ್ತೇನೆ.

ಭಾನುವಾರ ಇಡೀ ಊರು ಇಗರ್ಜಿಯ ಬಾಗಿಲಲ್ಲಿತ್ತು. ಅವೀಸಳ ಅಣ್ಣ ವಾರಿನ್ ಹಿಂದಿನ ಸಂಜೆಯೇ ಎಂಟು ಕುದುರೆ ಸವಾರರೊಂದಿಗೆ ಬಂದಿಳಿದಿದ್ದ. ಜೊತೆಗೆ ರಾಜನ ಅಧಿಕಾರಿಯಾದ ಶೆರೀಫನ ಗುಮಾಸ್ತನನ್ನೂ ಕರೆತಂದಿದ್ದ, ಸಾಕ್ಷಿ ಬರೆದುಕೊಳ್ಳಲು. ತಂಗಿಯ ಹೆಣದ ಪೆಟ್ಟಿಗೆ ಅವನ ಕಾಲ ಬಳಿಯೇ ಇತ್ತು. ಒಮ್ಮೆ ಬಗ್ಗಿ ನೋಡಿದ, ಮುಚ್ಚಳ ಸರಿಯಾಗಿ ಕೂತಿದೆಯೇ ಎಂಬಂತೆ. ಆಮೇಲೆ ಗುಮಾಸ್ತನ ಲೇಖನಿಯನ್ನೇ ನೋಡುತ್ತ ನಿಂತ. ಕೂಸನ್ನು ಗುನ್ನಿಲ್ಡ ಎತ್ತಿಕೊಂಡಿದ್ದಳು.

ಮೊದಲು ಗಂಡಸರ ಸಾಕ್ಷಿ.

"ಕೇಳಿಸ್ತು ಸ್ವಾಮಿ," ಎಂದ ಪಾರುಪತ್ಯಗಾರ ಲ್ಯಾಂಬರ್ಟ್ ಶಿಲುಬೆಯ ಮೇಲೆ ಕೈಯಿಟ್ಟು. "ಗಂಟೆ ಹೊಡ್ದಂಗೆ. ನಾಲ್ಕು ಸಲ."

ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಹ್ಯಾಮನ್ ಇದ್ದನಲ್ಲ, ಜೀವಮಾನವೆಲ್ಲ ಗಿಡುಗದ ಉಗುರಿಗೆ ಪಾರಿವಾಳ ಸಿಕ್ಕಿಸಿದವನು. "ಬರೀ ಕೇಳಿದ್ದಲ್ಲ ಸ್ವಾಮಿ, ಬಾಗಿಲ ಸಂದೀಲಿ ಕಣ್ಣಾರೆ ನೋಡ್ದೆ," ಎಂದ. "ಗಂಡು! ನಮ್ಮ ದೊರೆಗಳದೇ ಗಲ್ಲ, ದೊರೆಗಳದೇ ಹಣೆ!"

ಮೂರನೆಯವನು ತಾನು ಹಿಂದೆ ಬೀಳಬಾರದೆಂದು, "ಮುಷ್ಟಿ ಕಟ್ಟಿಕೊಂಡಿತ್ತು, ಕತ್ತಿ ಹಿಡಿಯೋ ಹಂಗೆ," ಎಂದ. ನಾಲ್ಕನೆಯವನು ಶುಕ್ರವಾರದ ಪೀಪಾಯಿಯಿಂದ ಇನ್ನೂ ಹೊರಬಂದಿರಲಿಲ್ಲ. "ನಂದೂ ಅದೇ," ಎಂದ. ಗುಮಾಸ್ತ ಎಲ್ಲವನ್ನೂ ಬರೆದುಕೊಂಡ. ದೊರೆಯ ಮುಖ ಹಿಗ್ಗಿತು. ಶುಕ್ರವಾರ ಗೋಡೆಯಾಚೆ ಆ ಅಳು ಕೇಳಿದಾಗ ಅವನೇ ಮೊದಲು "ಎಂಥ ಗಂಟಲು! ಮಗ ಕಣ್ರೋ!" ಎಂದು ಬೆಂಚಿನವರಿಗೆ ಹೇಳಿದ್ದು. ಆಮೇಲೆ ಅದನ್ನು ತಾನೇ ನಂಬಿದ. ಪೆಟ್ರೊನಿಲ್ಲಾ ಕೂಡ ಅಲ್ಲಗಳೆಯಲಿಲ್ಲ, ಅವಳೂ ನೋಡಿರಲಿಲ್ಲವಲ್ಲ.

ಗುನ್ನಿಲ್ಡಳ ಕಿವಿಗೆ 'ಗಂಡು' ಎಂಬ ಮಾತು ಬಿದ್ದದ್ದು ಆಗಲೇ. ಕೈಯಲ್ಲಿದ್ದ ಗಂಟನ್ನು ಇನ್ನಷ್ಟು ಎದೆಗೊತ್ತಿಕೊಂಡಳು.

ಈಗ ಪಾದ್ರಿ ಓಸ್ಬರ್ಟ್ ಮುಂದೆ ಬಂದ. ಬಾಗಿಲಿಗೆ ಬಂದ ಯಾವ ಕೂಸಿಗಾದರೂ, ಬದುಕಿದ್ದರೂ ಸತ್ತಿದ್ದರೂ, ಒಳಗೆ ಬಿಡುವ ಮೊದಲು ಮೂರು ಪ್ರಶ್ನೆ. ಅವನ್ನು ಕೇಳುವುದು ಅಪ್ಪನನ್ನಲ್ಲ, ರಾಜನ ಗುಮಾಸ್ತನನ್ನಲ್ಲ, ಸೂಲಗಿತ್ತಿಯನ್ನು. ಇದನ್ನು ಊರಿನ ಹಂದಿ ಕಾಯುವವನೂ ಬಲ್ಲ. ನಾಲ್ಕು ಜನ ಗಂಡಸರನ್ನು ಸಾಕಷ್ಟು ಕುಡಿಸಿ ಕೂರಿಸಿದ್ದ ದೊರೆ, ಎರಡನೆಯ ಪ್ರಶ್ನೆಗೆ ಮುದುಕಿಗೆ ಉತ್ತರ ಕಲಿಸಿದ್ದ ದೊರೆ, ಮೂರನೆಯದಕ್ಕೆ ಹೆಸರನ್ನೂ ಸಿದ್ಧಮಾಡಿಕೊಂಡಿದ್ದ ದೊರೆ, ಮೊದಲನೆಯದನ್ನು ಮಾತ್ರ ಲೆಕ್ಕಕ್ಕೇ ತಂದಿರಲಿಲ್ಲ.

"ಗಂಡೋ, ಹೆಣ್ಣೋ?" ಎಂದು ಕೇಳಿದ ಪಾದ್ರಿ. ಗಂಡಾದರೆ ಬಲಗಡೆ ನಿಲ್ಲಬೇಕು, ಹೆಣ್ಣಾದರೆ ಎಡಗಡೆ.

"ಗಂಡು!" ದೊರೆಯೇ ಗುಡುಗಿದ. "ನನ್ನ ಮಗ. ಡ್ರೋಗೋ. ಡ್ರೋಗೋನ ಮಗ ಡ್ರೋಗೋ. ಗೋರಿಕಲ್ಲಿಗೆ ಹೇಳಿ ಆಗಿದೆ, ಕಾಲ ಕೆಳಗೆ ಒಂದು ಸಿಂಹದ ಮರಿ."

ಗುನ್ನಿಲ್ಡ ಸುಳ್ಳು ಹೇಳಲೆಂದೇ ಬಂದಿದ್ದವಳು. ನಾಲಿಗೆಯ ಮೇಲೆ ಇಟ್ಟುಕೊಂಡೇ ನಿಂತಿದ್ದಳು. ಆದರೆ ಆ ಸುಳ್ಳು ಈ ಕೂಸಿಗಾಗಿತ್ತು. ಈಗ ಈ ಕೂಸೇ ಇಲ್ಲದಂತಾಯಿತು! ಅವೀಸಳ ಪಕ್ಕದಲ್ಲಿ ಮಲಗಲಿರುವುದು ಗಿಡುಗದವನ ಬಾಯಿಂದ ಹುಟ್ಟಿದ, ಗಲ್ಲವುಳ್ಳ, ಮುಷ್ಟಿ ಕಟ್ಟಿದ ಯಾವನೋ ಡ್ರೋಗೋ. ಮೂರು ದಿನದಲ್ಲಿ ಒಂದು ಸಲ, ಒಂದೇ ಸಲ, ಬಟ್ಟೆ ಸರಿಸಿ ನೋಡಲಿಲ್ಲವಲ್ಲ ಈ ಮನುಷ್ಯ.

ಅವಳು ಎಡಗಡೆಗೆ ಸರಿದು ನಿಂತಳು.

"ಹೆಣ್ಣು ಸ್ವಾಮಿ," ಎಂದಳು.

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ.

"ಮುದುಕಿಗೆ ಕಣ್ಣು ಮಂದ," ಎಂದ ದೊರೆ ನಗಲು ನೋಡುತ್ತ. "ಲೇ, ಬಲಗಡೆಗೆ ಬಾ."

"ಬುದ್ಧಿ, ನಲವತ್ತು ವರ್ಷದ ಹಿಂದೆ ನಿಮ್ಮನ್ನೂ ನೋಡಿದೀನಿ. ಅಷ್ಟು ವ್ಯತ್ಯಾಸ ನಂಗೆ ಗೊತ್ತಾಗ್ತದೆ."

ಹಿಂದೆ ನಿಂತಿದ್ದ ಹೆಂಗಸರ ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ವಾರಿನ್ ಒಂದೇ ನೆಗೆತಕ್ಕೆ ಮುಂದೆ ಬಂದ. "ಬಿಚ್ಚು! ಬಟ್ಟೆ ಬಿಚ್ಚು! ಗುಮಾಸ್ತರೇ, ನೋಡಿ!" ಗುನ್ನಿಲ್ಡ ಅವನ ಕೈ ತಾಗಲು ಬಿಡಲಿಲ್ಲ. ತಾನೇ ಪಾದ್ರಿಯ ಮುಂದೆ ಮಂಡಿಯೂರಿ ಪಟ್ಟಿಯನ್ನು ಅಷ್ಟೇ ಅಷ್ಟು ಸಡಿಲಿಸಿ, ಪಾದ್ರಿ ಮತ್ತು ಗುಮಾಸ್ತ ಇಬ್ಬರೂ ನೋಡಿದ ಮೇಲೆ ಮತ್ತೆ ಸುತ್ತಿದಳು.

ಗುಮಾಸ್ತ ಹ್ಯಾಮನ್ ಕಡೆ ತಿರುಗಿದ. "ಕಣ್ಣಾರೆ ನೋಡಿದ್ಯಲ್ಲ?"

"ಸಂದಿ ಸಣ್ಣದು ಸ್ವಾಮಿ," ಎಂದ ಹ್ಯಾಮನ್.

"ಎರಡನೇದು," ಎಂದ ಪಾದ್ರಿ. "ಜ್ಞಾನಸ್ನಾನ ಆಗಿದೆಯಾ ಗುನ್ನಿಲ್ಡ?"

ಈಗಲೂ ಹೇಳಬಹುದಿತ್ತು. ಹೆಣ್ಣೇ ಆಗಲಿ, ಅತ್ತಿತು, ನೀರು ಹಾಕಿದೆ. ಅವಳು ಪೆಟ್ಟಿಗೆಯ ಕಡೆ ನೋಡಿದಳು. ಅದರೊಳಗಿದ್ದವಳು ಸಾಯುವ ಮೊದಲು ಈ ಲೋಕದಲ್ಲಿ ಕಡೆಯದಾಗಿ ಕೇಳಿದ್ದು ಆ 'ಕುವ್ವೇ'. ಅದನ್ನು ನಿಜ ಎಂದು ಇನ್ನೊಂದು ಸಲ ಇವಳ ಬಾಯಿಂದ ಹೇಳಿಸುವುದೇ? ಅವಳಿಗೆ ಆಗಲಿಲ್ಲ.

"ಇಲ್ಲ ಸ್ವಾಮಿ. ಉಸಿರು ಬರ್ಲೇ ಇಲ್ಲ. ಅಳ್ಳೂ ಇಲ್ಲ."

"ಹಾಗಾದ್ರೆ ನಾವು ಕೇಳಿದ್ದು?" ಲ್ಯಾಂಬರ್ಟ್ ನಿಜವಾಗಿಯೂ ಕಂಗಾಲಾಗಿದ್ದ. ಅವನೊಬ್ಬ ಕೇಳಿದ್ದನ್ನಷ್ಟೇ ಹೇಳಿದ್ದವನು.

"ದೊಡ್ಡಮ್ಮನೋರನ್ನ ಕೇಳಿ," ಎಂದಳು ಗುನ್ನಿಲ್ಡ. "ಇನ್ನೊಂದ್ ಸಲ ಅತ್ತು ತೋರಿಸ್ತಾರೆ. ಚೆನ್ನಾಗೇ ಅಳ್ತಾರೆ. ಮೂಗು ಹಿಡ್ಕೋಬೇಕು ಅಷ್ಟೇ."

ಎಲ್ಲರ ಕಣ್ಣೂ ಪೆಟ್ರೊನಿಲ್ಲಾಳ ಮೇಲೆ ಹೋಯಿತು. ಅವಳು ಒಂದು ಮಾತು ಫ್ರೆಂಚಿನಲ್ಲಿ ಹೇಳಿದಳು. ಆದರೆ ಕೈ ತನಗೆ ತಾನೇ ಮೂಗಿನ ತನಕ ಏರಿ, ಅಲ್ಲಿ ಏನು ಮಾಡುವುದೆಂದು ತಿಳಿಯದೆ ನಿಂತಿತು. ಅಷ್ಟು ಸಾಕಾಯಿತು. ಮೊದಲು ಕಮ್ಮಾರನ ಹೆಂಡತಿ ನಕ್ಕಳು, ಆಮೇಲೆ ಇಡೀ ಬಾಗಿಲು ನಕ್ಕಿತು. ಸಾವಿನ ಮನೆ ಎಂಬುದನ್ನೂ ಮರೆತು ನಕ್ಕಿತು. ಗುಮಾಸ್ತ ಬರೆದದ್ದರ ಮೇಲೆ ಒಂದು ಉದ್ದ ಗೀಟು ಎಳೆದ.

ಗೀಟು ಮುಗಿಯುವ ಮೊದಲೇ ವಾರಿನ್ ಕುದುರೆಯ ಮೇಲಿದ್ದ. ಗ್ರೇನ್‌ವಿಕ್‌ಗೆ ಯಾರು ಮೊದಲು ತಲುಪಿ ಉಪ್ಪಿನ ಕೊಪ್ಪರಿಗೆಗಳ ಮಗ್ಗುಲಲ್ಲಿ ಕೂರುತ್ತಾರೋ ಅವರನ್ನು ಎಬ್ಬಿಸುವುದು ಕಷ್ಟ, ಇಬ್ಬರಿಗೂ ಅದು ಗೊತ್ತು. ದೊರೆ, "ನನ್ನ ಕುದುರೆ! ಕುದುರೆ ಎಲ್ಲ್ರೋ?" ಎಂದು ಕಿರುಚಿದ. ಹತ್ತುವಾಗ ಒಂದು ಸಲ ಜಾರಿದ. ಅವನ ಹಿಂದೆ ಲ್ಯಾಂಬರ್ಟ್, ಹ್ಯಾಮನ್, ಆಳುಗಳು, ಕತ್ತಿ ಹಿಡಿದವರು, ದೊಣ್ಣೆ ಹಿಡಿದವರು. ಅವರ ಹಿಂದೆ ತಮಾಷೆ ನೋಡಲು ಊರಿನ ಅರ್ಧ. ಪೆಟ್ರೊನಿಲ್ಲಾ ಮುಸುಕೆಳೆದುಕೊಂಡು ಕೋಟೆಗೆ ನಡೆದಳು. ಧೂಳು ಇಳಿದಾಗ ಇಗರ್ಜಿಯ ಬಾಗಿಲಲ್ಲಿ ಪೆಟ್ಟಿಗೆ ಇತ್ತು, ಪಾದ್ರಿ ಇದ್ದ, ಗುಂಡಿ ತೋಡುವ ಥರ್ಕಿಲ್ ಇದ್ದ, ಕೂಸನ್ನೆತ್ತಿಕೊಂಡ ಗುನ್ನಿಲ್ಡ ಇದ್ದಳು. ಗಂಡನೂ ಇಲ್ಲ, ಅಣ್ಣನೂ ಇಲ್ಲ.

"ಇದನ್ನ ಒಳಗೆ ಬಿಡೋಕೆ ನಂಗೆ ಆಗಲ್ಲ," ಎಂದ ಪಾದ್ರಿ ನೆಲ ನೋಡುತ್ತ. "ನಿಂಗೆ ಗೊತ್ತು."

"ಗೊತ್ತು ಸ್ವಾಮಿ. ನಾನೇ ಅಲ್ವಾ ಹೇಳಿದ್ದು."

ಥರ್ಕಿಲ್ ಗುದ್ದಲಿ ಹೆಗಲಿಗೆ ಹಾಕಿಕೊಂಡ. "ಅಮ್ಮನೋರನ್ನ ಒಳಗೆ, ಮಾವನ ಸಿಂಹದ ಪಕ್ಕ ಅಂತ ದೊರೆ ಹೇಳಿದ್ರು. ಹಾಸುಕಲ್ಲು ಎಬ್ಬಿಸಿ ಆಗಿದೆ."

"ದೊರೆ ಎಲ್ಲಿ?"

ಥರ್ಕಿಲ್ ದಾರಿಯ ಕಡೆ ನೋಡಿದ.

"ಮನೆಯೋರು ಯಾರಾದ್ರೂ ಇದಾರಾ, ಇಲ್ಲೇ ಅನ್ನೋಕೆ?"

"ಯಾರೂ ಇಲ್ಲ ಕಣಕ್ಕ."

ಗುನ್ನಿಲ್ಡ ಪಾದ್ರಿಯ ಕಡೆ ತಿರುಗಿದಳು. "ಸ್ವಾಮಿ, ಆವರಣದೊಳಗೆ ಎಲ್ಲಾದ್ರೂ ಪವಿತ್ರವೇ ಅಲ್ವಾ? ಸಿಂಹದ ಪಕ್ಕವೇ ಆಗ್ಬೇಕು ಅಂತೇನಿಲ್ಲವಲ್ಲ?"

"ಎಲ್ಲಾದ್ರೂ ಪವಿತ್ರವೇ."

"ಹಂಗಾದ್ರೆ ಬಡಗಣ ಗೋಡೆಗೆ ಒತ್ತಿ ತೋಡು ಥರ್ಕಿಲ. ಗೋಡೆಗೆ ತಾಗಿಸಿ. ಒಂದು ಗೇಣೂ ಬಿಡಬೇಡ."

ಪಾದ್ರಿ ಅವಳ ಮುಖವನ್ನೂ ಅವಳ ಕೈಯ ಗಂಟನ್ನೂ ನೋಡಿದ. ತಾನೇ ಮುಂದಾಗಿ ಗೋಡೆಯ ಕಡೆ ನಡೆದ.

ಜೌಗು ನೆಲ. ಗುದ್ದಲಿ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಥರ್ಕಿಲ್ ಒಳಗಡೆ ತೋಡುತ್ತಿದ್ದಾಗ ಗುನ್ನಿಲ್ಡ ಸುತ್ತಿ ಬಂದು ಹೊರಗಡೆ, ಅದೇ ಜಾಗಕ್ಕೆ ಸರಿಯಾಗಿ, ಮುಳ್ಳುಗಿಡದ ಬೇರು ಕಡಿದು ಸಣ್ಣ ಸಲಿಕೆಯಲ್ಲಿ ತೋಡತೊಡಗಿದಳು. ಕೂಸನ್ನು ಪಕ್ಕದ ಹುಲ್ಲಿನ ಮೇಲೆ ಮಲಗಿಸಿದ್ದಳು. ಗೋಡೆಯ ಮೇಲಿಂದ ಮಾತು ಹಾದುಹೋಗುತ್ತಿತ್ತು.

"ದೊರೆ ನಿನ್ನನ್ನ ಸುಮ್ನೆ ಬಿಡಲ್ಲ ಕಣಕ್ಕ."

"ಏನ್ ಮಾಡ್ತಾನೆ? ಕೋಟೆಗೆ ಕರೆಯಲ್ಲ. ಅಲ್ಲಿ ಹೆರೋರು ಯಾರಿದಾರೆ ಈಗ, ಅವನ ಗಿಡುಗವಾ?"

"ಅದು ಮೊಟ್ಟೆನೂ ಇಡಲ್ಲ," ಎಂದ ಥರ್ಕಿಲ್. "ಮೊನ್ನೆಯಿಂದ ನನ್ನ ಸೊಸೆಗೆ ಕಾಲು ಊದ್ತಾ ಇದೆ. ಈ ವಾರ ಒಂದು ಸಲ ಬಂದು ನೋಡ್ತೀಯಾ?"

"ನಾಳೆ ಬರ್ತೀನಿ."

ಥರ್ಕಿಲ್ ಇನ್ನೊಂದಿಷ್ಟು ಮಣ್ಣು ಮೇಲೆ ಎಸೆದ. ಆಮೇಲೆ ಅವನ ಗುದ್ದಲಿ ನಿಂತಿತು.

"ಅಕ್ಕಾ," ಎಂದ. "ಈ ಗೋಡೆಗೆ ಪಾಯಾನೇ ಇಲ್ಲ. ಮೊಣಕಾಲುದ್ದ ಕಲ್ಲು ಇದೆ. ಅದರ ಕೆಳಗೆ ಬರೀ ಮಣ್ಣು."

"ಆಚೆಗೂ ಈಚೆಗೂ?"

"ಒಂದೇ ಮಣ್ಣು."

"ಹಂಗಾದ್ರೆ ಇನ್ನೂ ಆಳಕ್ಕೆ ಹೋಗು," ಎಂದಳು ಗುನ್ನಿಲ್ಡ. ಲಂಗ ಮೇಲೆ ಕಟ್ಟಿಕೊಂಡು, ತಾನೂ ತನ್ನ ಗುಂಡಿಯೊಳಗೆ ಇಳಿದು ಕಲ್ಲಿನ ಅಡಿಗೆ ತೋಡಿದಳು.